ಮಗಳಿಗೊಂದು ಪತ್ರ: ಹಿಂದೆ ನಿಂತವರ ಗಿಟಾರ್

ಪುಟ್ಟಿ,

ಬ್ಯಾಂಡ್ ಒಡೆದು ಹೋಯಿತು, ಇನ್ನು ಗಿಟಾರ್ ಮುಟ್ಟುವುದಿಲ್ಲ ಅಂತ ಬರೆದಿದ್ದೀಯ. 'ನಾನು ಹಿಂದೆ ನಿಂತು ರಿದಮ್ ಗಿಟಾರ್ ನುಡಿಸೋಳು ಅಷ್ಟೇ ಅಪ್ಪ, ನನ್ನನ್ನು ಯಾರೂ ಕೇಳಿಸಿಕೊಳ್ಳಲ್ಲ' ಅಂತಲೂ. ಆ ಸಾಲು ನನ್ನನ್ನು ರಾತ್ರಿಯೆಲ್ಲ ಮಲಗಲು ಬಿಡಲಿಲ್ಲ. ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಅಳುತ್ತೇವೆ. ಅದಕ್ಕೇ ಈ ಕಾಗದ.

ಇಲ್ಲಿ ನೈರೋಬಿಯಲ್ಲಿ ಹಳೇ ಹಾಡುಗಳಿಗೆ 'ಜಿಲಿಪೆಂಡ್ವಾ' ಅನ್ನುತ್ತಾರೆ. ಸ್ವಾಹಿಲಿಯಲ್ಲಿ, 'ಜನ ಪ್ರೀತಿಸಿದಂಥವು' ಅಂತ. ಭಾನುವಾರ ನಮ್ಮ ಮನೆ ಹತ್ತಿರದ ಹೋಟೆಲಿನಲ್ಲಿ ಕೆಂಡದ ಮೇಲೆ ಮಾಂಸ ಸುಡುತ್ತಿರುತ್ತಾರೆ, ಒಂದು ಮೂಲೆಯಲ್ಲಿ ಬ್ಯಾಂಡ್ ನುಡಿಸುತ್ತಿರುತ್ತದೆ. 'ಸಿನಾ ಮಕೋಸಾ' ಶುರುವಾದರೆ ಸಾಕು, ಅಜ್ಜ ಅಜ್ಜಿಯರೂ ಕುರ್ಚಿ ಬಿಟ್ಟು ಎದ್ದು ಬರುತ್ತಾರೆ. 'ನನ್ನದೇನೂ ತಪ್ಪಿಲ್ಲ' ಅಂತ ಅದರ ಅರ್ಥ. ಆ ಹಾಡು ಹುಟ್ಟಿದ್ದೇ ಒಂದು ಬ್ಯಾಂಡ್ ಒಡೆದಾಗ, ಗೊತ್ತಾ?

ಟಾಂಜಾನಿಯಾದ ಟಾಂಗಾ ಎಂಬ ಬಂದರು ಊರಿನಲ್ಲಿ ವಿಲ್ಸನ್ ಕಿನ್ಯೋಂಗಾ, ಜಾರ್ಜ್ ಕಿನ್ಯೋಂಗಾ ಅಂತ ಅಣ್ಣತಮ್ಮಂದಿರು ಗಿಟಾರ್ ಹಿಡಿದರು. ಅಲ್ಲಿಂದ ಅರುಷಾಗೆ, 1971ರಲ್ಲಿ ನೈರೋಬಿಗೆ. ಇಲ್ಲಿ ಕಟ್ಟಿದ ಬ್ಯಾಂಡಿಗೆ 'ಸಿಂಬಾ ವನ್ಯಿಕಾ' ಅಂತ ಹೆಸರಿಟ್ಟರು. ಬಯಲುಸೀಮೆಯ ಸಿಂಹ ಅಂದುಕೋ. 1978ರಲ್ಲಿ ಅದರಿಂದ ಕೆಲವರು ಹೊರಟುಬಿಟ್ಟರು. ಯಾರು ಹೇಳು? ರಿದಮ್ ಗಿಟಾರಿನ ಒಮರ್ ಶಬಾನಿ, ಬೇಸ್ ಗಿಟಾರ್ ನುಡಿಸುವ ಟಾಮ್ ಮಲಾಂಗಾ, ಡ್ರಮ್ಸಿನ ರಶೀದ್ ಜುಮಾ. ಹಿಂದೆ ನಿಲ್ಲುವವರೇ ಎಲ್ಲ! ಅವರು ಕಟ್ಟಿದ್ದು 'ಲೆ ವನ್ಯಿಕಾ'. 'ಸಿನಾ ಮಕೋಸಾ' ಈ ಹೊಸ ಬ್ಯಾಂಡಿನದ್ದೇ ಹಾಡು. ಶಬಾನಿಯನ್ನು ಜನ ಪ್ರೀತಿಯಿಂದ 'ಪ್ರೊಫೆಸರ್' ಅಂತಲೇ ಕರೆಯುತ್ತಿದ್ದರು.

ಬಿಟ್ಟು ಬಂದರೂ 'ವನ್ಯಿಕಾ' ಅನ್ನುವ ಹೆಸರನ್ನು ಜೊತೆಗೇ ತಂದರು ನೋಡು. ಮುಂದೆ ಗಾಯಕ ಇಸ್ಸಾ ಜುಮಾ ಬೇರೆಯಾದಾಗ ಅವರದ್ದು 'ಸೂಪರ್ ವನ್ಯಿಕಾ' ಆಯಿತು. ನನಗೆ ಇದು ಜಗಳದ ಕಥೆ ಅನ್ನಿಸುವುದೇ ಇಲ್ಲ. ಒಂದೇ ಮನೆಯ ಮಕ್ಕಳು ಬೇರೆ ಒಲೆ ಹೂಡಿದ ಹಾಗೆ. ಹಳೆಯ ಸಿಂಬಾ ವನ್ಯಿಕಾ ಕೂಡ ಬೇರೆಯವರನ್ನು ಸೇರಿಸಿಕೊಂಡು ಎದ್ದು ನಿಂತಿತು, 1990ರ ದಶಕದವರೆಗೂ ನುಡಿಸಿತು.

ಇನ್ನೊಂದು ಮಾತು. 1977ರಲ್ಲಿ ಕೀನ್ಯಾ, ಟಾಂಜಾನಿಯಾಗಳ ನಡುವಿನ ಗಡಿ ಮುಚ್ಚಿತ್ತು. ಮತ್ತೆ ತೆರೆದದ್ದು 1983ರಲ್ಲಿ. ಅಂದರೆ ಊರಿನ ದಾರಿಯೇ ಮುಚ್ಚಿದ್ದ ಕಾಲದಲ್ಲಿ ಈ ಟಾಂಜಾನಿಯಾದವರು ನೈರೋಬಿಯಲ್ಲಿ ಕೂತು, ಎರಡೂ ಕಡೆಯವರಿಗೆ ಅರ್ಥವಾಗುವ ಸ್ವಾಹಿಲಿಯಲ್ಲಿ ಹಾಡುತ್ತಿದ್ದರು. ನಾನೂ ಊರು ಬಿಟ್ಟು ಇಲ್ಲಿರುವವನು. ಆ ಹಾಡು ಕೇಳುವಾಗ ನನಗೆ ಜಾಸ್ತಿ ನೆನಪಾಗುವುದು ಇದೇ.

ಈಗ ನೀನು ಮಾಡಬೇಕಾದ್ದು ಇಷ್ಟು. ಹೆಡ್‌ಫೋನ್ ಹಾಕಿಕೊಂಡು 'ಸಿನಾ ಮಕೋಸಾ' ಕೇಳು. ಮೊದಲ ಸಲ ದನಿಗೆ ಬೇಡ, ಬೇಸ್ ಗಿಟಾರಿಗೆ ಕಿವಿ ಕೊಡು. ಎರಡನೇ ಸಲ ರಿದಮ್ ಗಿಟಾರನ್ನು ಹುಡುಕು. ಅದು ಎಲ್ಲೂ ದನಿ ಏರಿಸುವುದಿಲ್ಲ. ಮಗ್ಗದ ಲಾಳಿಯ ಹಾಗೆ ಹೋಗುತ್ತಾ ಬರುತ್ತಾ ಇರುತ್ತದೆ. ಅದನ್ನು ಮನಸ್ಸಿನಲ್ಲೇ ತೆಗೆದು ನೋಡು, ಕುಣಿಯುವವರ ಕಾಲು ನಿಲ್ಲುತ್ತದೆ. ಹಾಗೇ ಸುಮ್ನೆ ನುಡಿಸಿ ನೋಡು, ಕೈಗೆ ಸಿಗಲು ಒಂದು ವಾರವಾದರೂ ಬೇಕು ನಿನಗೆ.

ಡ್ರಮ್ಸ್ ಬಾರಿಸುವ ಆ ಹುಡುಗಿ ಇನ್ನೂ ನಿನ್ನ ಜೊತೆಗೇ ಇದ್ದಾಳೆ ಅಲ್ವಾ? ಅವಳಿಗೂ ಕೇಳಿಸು.

ನಿನ್ನ
ಅಪ್ಪ