ಬ್ರೂಕ್ನರ್ ಅಂದ್ರೆ ಬರೀ ಸಿಂಫನಿ ಅಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಆಸ್ಟ್ರಿಯಾದ ಸಂಗೀತಗಾರ ಆಂಟನ್ ಬ್ರೂಕ್ನರ್ ಬಗ್ಗೆ ಬಂದ ಬರಹ ಚೆನ್ನಾಗಿತ್ತು. ಆದರೆ ಪೂರ್ತಿ ಸಿಂಫನಿಗಳ, ಅಂದ್ರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಉದ್ದನೆಯ ಕೃತಿಗಳ ಮಾತೇ ಆಯ್ತು. ಗಂಟೆಗಟ್ಟಲೆ ಕೂತು ಕೇಳೋ ತಾಳ್ಮೆ ಎಲ್ಲರಿಗೂ ಇರಲ್ಲ, ಅಲ್ವಾ? ಹೊಸಬರಿಗೆ ನಾನು ಹೇಳೋದು ಅವರ ‘ಲೋಕುಸ್ ಇಸ್ತೆ’ ಕೇಳಿ ಅಂತ.

ಆಸ್ಟ್ರಿಯಾದ ಲಿಂಟ್ಸ್ ಊರಿನಲ್ಲಿ ಹೊಸ ಕೆಥೀಡ್ರಲ್ ಕಟ್ಟುತ್ತಿದ್ದಾಗ ಮೊದಲು ಮುಗಿದದ್ದು ಅದರ ಒಂದು ಪ್ರಾರ್ಥನಾ ಮಂದಿರ. ಅದರ ಪ್ರತಿಷ್ಠಾಪನೆಗೆ ಅಂತ 1869ರಲ್ಲಿ ಬರೆದ ಲ್ಯಾಟಿನ್ ಮೋಟೆಟ್ ಇದು, ಅಂದ್ರೆ ಗಾಯಕವೃಂದ ಹಾಡೋ ಚಿಕ್ಕ ಭಕ್ತಿಗೀತೆ. ಈ ಜಾಗ ದೇವರೇ ಮಾಡಿದ್ದು, ಇದಕ್ಕೆ ಬೆಲೆ ಕಟ್ಟೋಕಾಗಲ್ಲ, ಇದರಲ್ಲಿ ಕುಂದಿಲ್ಲ ಅನ್ನೋದಷ್ಟೇ ಸಾಹಿತ್ಯ. ನಾಲ್ಕು ದನಿ, ವಾದ್ಯವೇ ಇಲ್ಲ, ಇರೋದು 48 ಬಾರ್ (ನಮ್ಮ ತಾಳದ ಆವರ್ತದ ಹಾಗೆ), ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿದೇ ಹೋಗುತ್ತದೆ.

ನಡುವೆ ಒಂದು ಕಡೆ ಬೇಸ್, ಅಂದ್ರೆ ಎಲ್ಲಕ್ಕಿಂತ ಕೆಳಗಿನ ದನಿ, ಪೂರ್ತಿ ಸುಮ್ಮನಾಗುತ್ತದೆ, ಉಳಿದ ಮೂರು ದನಿಗಳು ಮೆಲ್ಲಗೆ ಅರ್ಧರ್ಧ ಸ್ವರ ಜಾರುತ್ತಾ ಹೋಗುತ್ತವೆ, ಕಾಲ ಕೆಳಗಿನ ನೆಲವೇ ಸರಿದ ಹಾಗೆ. ‘ಕುಂದಿಲ್ಲ’ ಅನ್ನೋ ಮಾತಿಗೇ ಇಷ್ಟು ಅಳುಕಿನ ಸಂಗೀತ ಕೊಟ್ಟಿದ್ದಾರಲ್ಲ, ಅದೇ ನನಗೆ ಜಾಸ್ತಿ ಇಷ್ಟ. ಕೊನೆಗೆ ಬರುವಾಗ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಮೌನ. ದೊಡ್ಡ ಚರ್ಚಿನಲ್ಲಾದರೆ ಪ್ರತಿಧ್ವನಿ ಆ ಜಾಗ ತುಂಬುತ್ತದೆ, ಆಮೇಲೇ ಕೊನೆಯ ಸಾಲು. ಕೆಲವು ಗಾಯಕವೃಂದಗಳು ಆ ಮೌನವನ್ನ ಸುಮ್ನೆ ಓಡಿಸಿಬಿಡುತ್ತವೆ, ಬೇಜಾರಾಗುತ್ತದೆ.

ಮುಂದಿನ ಸಲ ಇವರ ಮೋಟೆಟ್‌ಗಳ ಬಗ್ಗೆಯೂ ಅರ್ಧ ಪುಟ ಕೊಡಿ.

— ಒಬ್ಬ ಓದುಗ, ಮೈಸೂರು