ಬೊಂಬೆ ಅಂಗಡಿ ಪೇಜು ಯಾರ ಹೆಸರಲ್ಲಿದೆ?

ಮಾನ್ಯ ಸಂಪಾದಕರೇ,

2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಓಪನ್ ಆಗಿ ಕಾರುಗಳೆಲ್ಲ ಬೈಪಾಸಲ್ಲೇ ಹೋಗೋಕೆ ಶುರುವಾದ್ಮೇಲೆ ನಮ್ಮ ಚನ್ನಪಟ್ಟಣದ ಹಳೇ ರೋಡಲ್ಲಿರೋ ಬೊಂಬೆ ಅಂಗಡಿಗಳಿಗೆ ದಾರೀಲಿ ಹೋಗೋ ಗಿರಾಕಿ ಕಮ್ಮಿಯಾಗಿ, ಈಗ ಎಲ್ರೂ ಇನ್‌ಸ್ಟಾಗ್ರಾಮು ವಾಟ್ಸಾಪಲ್ಲೇ ಆರ್ಡರ್ ಹಿಡೀತಿದಾರೆ. ಒಳ್ಳೇದೇ. ಆದ್ರೆ ಆ ಅಕೌಂಟ್‌ಗಳನ್ನ ಮಾಡಿಸೋ ರೀತಿ ನೋಡಿದ್ರೆ ಭಯ ಆಗುತ್ತೆ.

ಅಂಗಡಿ ಹುಡುಗನೋ ಅಕ್ಕನ ಮಗನೋ ತನ್ನ ಫೋನಲ್ಲಿ, ತನ್ನ ಜಿಮೇಲ್ ತನ್ನ ನಂಬರ್ ಹಾಕಿ ಪೇಜ್ ಮಾಡ್ಕೊಡ್ತಾನೆ, ಓನರ್‌ಗೆ ಪಾಸ್‌ವರ್ಡೂ ಗೊತ್ತಿರಲ್ಲ. ಅಂಗಡಿ ಕರೆಂಟ್ ಮೀಟರನ್ನ ಕೆಲಸದ ಹುಡುಗನ ಹೆಸರಲ್ಲಿ ಮಾಡಿಸ್ತೀವಾ? ನಮ್ಮ ಬೀದೀಲೇ ಒಂದು ಅಂಗಡಿ ಪೇಜ್ ಹಾಗೇ ನಿಂತೋಗಿದೆ, ಹುಡುಗ ಕೆಲಸ ಬಿಟ್ಟ, ನಂಬರ್ ಬದಲಾಯಿಸ್ದ, ಇವತ್ತಿಗೂ ಅದರಲ್ಲಿ ದಸರಾ ಗೊಂಬೆ ಸೆಟ್ಟಿನ ಹಳೇ ರೇಟೇ ಕಾಣ್ತಿದೆ, ಜನ ಕೆಳಗೆ 'ಪ್ರೈಸ್ ಪ್ಲೀಸ್' ಅಂತ ಹಾಕ್ತಾನೇ ಇದಾರೆ, ಉತ್ತರ ಕೊಡೋರಿಲ್ಲ.

ಅದಕ್ಕೇ ಮೊದಲು ಅಂಗಡಿಗೇ ಅಂತ ಬೇರೆ ಈಮೇಲು, ಓನರ್ ಹೆಸರಲ್ಲಿರೋ ಸಿಮ್ಮು ಇಟ್ಕೋಬೇಕು. ಆ ಸಿಮ್‌ಗೆ ರೀಚಾರ್ಜ್ ತಪ್ಪಿಸೋ ಹಾಗಿಲ್ಲ, ಯಾಕಂದ್ರೆ ಕಟ್ ಆದ ನಂಬರನ್ನ 90 ದಿನ ಆದ್ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು, ಆಮೇಲೆ ನಿಮ್ಮ ಪೇಜಿನ ಓಟಿಪಿ ಹೋಗೋದು ಅವರ ಫೋನಿಗೆ. ಫೇಸ್‌ಬುಕ್ ಪೇಜಲ್ಲಿ ಪೂರ್ತಿ ಕಂಟ್ರೋಲ್ ಓನರ್ ಮತ್ತೆ ಮನೆಯವರೊಬ್ಬರ ಹತ್ರ ಇರಲಿ, ಪೋಸ್ಟ್ ಹಾಕೋ ಹುಡುಗನಿಗೆ ಅಷ್ಟಕ್ಕೆ ಬೇಕಾದ ಪರ್ಮಿಷನ್ ಮಾತ್ರ ಕೊಡೋಕೆ ಅದರಲ್ಲೇ ದಾರಿ ಇದೆ, ಅವನು ಬಿಟ್ಟೋದ್ರೆ ಅವನ ಹೆಸರು ತೆಗೆದ್ರೆ ಆಯ್ತು. ಟೂ ಸ್ಟೆಪ್ ವೆರಿಫಿಕೇಶನ್, ಅಂದ್ರೆ ಲಾಗಿನ್‌ಗೆ ಎರಡನೇ ಬೀಗ, ಅಂತೂ ಹಾಕ್ಲೇಬೇಕು. ವಾಟ್ಸಾಪಲ್ಲಿ ಅದು 6 ಅಂಕಿ ಪಿನ್ನು. ಇನ್‌ಸ್ಟಾಗ್ರಾಮಲ್ಲಿ, ಫೋನಿಗೆ ಕೋಡ್ ಬರದೇ ಇದ್ದಾಗ ಒಳಗೆ ಹೋಗೋಕೆ ಅಂತ ಕೊಡೋ ಬ್ಯಾಕಪ್ ಕೋಡ್‌ಗಳನ್ನ ಒಂದು ಹಾಳೆ ಮೇಲೆ ಬರೆದು ಬೀರುವಲ್ಲಿ ಇಟ್ಬಿಡಿ (ಸ್ಕ್ರೀನ್‌ಶಾಟ್ ಬೇಡ, ಫೋನ್ ಕಳೆದ್ರೆ ಅದೂ ಹೋಯ್ತು).

ಇನ್ನೊಂದು, ಅರಗಿನ ಬಣ್ಣದ ಬೊಂಬೆ ಫೋಟೋ ಹಾಕಿ ಸ್ವಲ್ಪ ಫಾಲೋವರ್ಸ್ ಆಗ್ತಿದ್ದಂಗೆ 'ನೀವು ಕಾಪಿರೈಟ್ ರೂಲ್ಸ್ ಮುರಿದಿದೀರ, 24 ಗಂಟೇಲಿ ಅಕೌಂಟ್ ಡಿಲೀಟ್, ಅಪೀಲ್ ಮಾಡೋಕೆ ಈ ಲಿಂಕ್ ಒತ್ತಿ' ಅಂತ ಮೆಸೇಜ್ ಬರುತ್ತೆ, ಮೇಲೆ ಇನ್‌ಸ್ಟಾಗ್ರಾಮ್ ಲೋಗೋ ಬೇರೆ. ಹೆದರಿ ಒತ್ತಿದ್ರೆ ಪಾಸ್‌ವರ್ಡ್ ಕೇಳೋ ಡುಪ್ಲಿಕೇಟ್ ಪೇಜ್ ತೆರೆಯುತ್ತೆ, ಅಲ್ಲಿಗೆ ಮುಗೀತು. ಇನ್‌ಸ್ಟಾಗ್ರಾಮ್ ಕಂಪನಿಯವರು ಹೀಗೆ ಯಾರದೋ ಅಕೌಂಟಿಂದ ಮೆಸೇಜ್ ಕಳಿಸಲ್ಲ, ಅವರು ಇತ್ತೀಚೆಗೆ ಕಳಿಸಿದ ಈಮೇಲ್‌ಗಳ ಪಟ್ಟಿ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೇ ಸಿಗುತ್ತೆ, ಅಲ್ಲಿ ಇಲ್ಲ ಅಂದ್ರೆ ಕಳಿಸಿದೋನು ಕಳ್ಳನೇ.

ನಮ್ಮ ಫೋಟೋಗಳನ್ನೇ ಎತ್ಕೊಂಡು ನಕಲಿ ಪೇಜ್ ಮಾಡಿ ಅಡ್ವಾನ್ಸ್ ಹೊಡೆಯೋರೂ ಇದಾರೆ, ದುಡ್ಡು ಕಳ್ಕೊಂಡ ಗಿರಾಕಿ ಬೈಯೋದು ನಮ್ಮನ್ನೇ. ಅಸಲಿ ಪೇಜಿನ ಹೆಸರು, ನಂಬರ್ ಅಂಗಡಿ ಬೋರ್ಡ್ ಮೇಲೂ ಬಿಲ್ ಮೇಲೂ ಹಾಕ್ಸಿ. ದುಡ್ಡು ಹೋದವರಿಗೆ ತಕ್ಷಣ ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡೋಕೆ ಹೇಳಿ, ತಡ ಮಾಡಿದಷ್ಟೂ ವಾಪಸ್ ಸಿಗೋದು ಕಷ್ಟ.

ಡಿಜಿಟಲ್ ಮಾರ್ಕೆಟಿಂಗ್ ಅಂತ ನಡೆಯೋ ಟ್ರೈನಿಂಗ್‌ಗಳಲ್ಲಿ ರೀಲ್ಸ್ ಮಾಡೋದು, ಹ್ಯಾಶ್‌ಟ್ಯಾಗ್ ಹಾಕೋದು ಎಲ್ಲಾ ಹೇಳ್ಕೊಡ್ತಾರೆ, ಇದನ್ನ ಮಾತ್ರ ಯಾರೂ ಹೇಳಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಕುಶಲಕರ್ಮಿಗಳನ್ನ ಕೂರಿಸ್ಕೊಂಡು, ಅವರವರ ಫೋನಲ್ಲೇ, ಪೇಜಲ್ಲಿ ಯಾರ ನಂಬರ್ ಇದೆ ಅಂತ ಒಂದ್ಸಲ ತೆಗೆದು ನೋಡಿಸಲಿ, ಅರ್ಧ ದಿನದ ಕೆಲಸ ಅಷ್ಟೆ.

ಇಂತಿ,
ಬೊಂಬೆ ಅಂಗಡಿಯವರ ಮನೆ ಹುಡುಗಿ, ಚನ್ನಪಟ್ಟಣ