ಎಚ್ಚರವಿದ್ದ ಅಣ್ಣನಿಗೆ, ಉಳಿದ ಎಲ್ಲರಿಗೆ

ಸಂಕ್ರಾಂತಿ ಮುಗಿಯಿತು. ಈ ಸಲ ಧನುರ್ಮಾಸ ಪೂರ್ತಿ ಸೈಕಲ್ಲಿನಲ್ಲೇ ಫಸ್ಟ್ ಶಿಫ್ಟಿಗೆ ಹೋಗಿ ಬಂದೆ. ಬೆಂಗಳೂರಿನ ವಿದ್ಯಾರಣ್ಯಪುರದಿಂದ ಗಂಗಮ್ಮ ಸರ್ಕಲ್, ಅಲ್ಲಿಂದ ಜಾಲಹಳ್ಳಿ ಕ್ರಾಸ್, ಆಮೇಲೆ ಪೀಣ್ಯ. ಅದೇ ದಾರಿ, ಅದೇ ಕತ್ತಲೆಯ ಹೊತ್ತು. ಹೋದ ವರ್ಷ ಇದೇ ಕಾಲದಲ್ಲಿ, ಇದೇ ದಾರಿಯಲ್ಲಿ ಗಾಡಿಯೊಂದು ಗುದ್ದಿ ನಾನು ಸೈಕಲ್ಲಿನಿಂದ ಬಿದ್ದದ್ದು ನಿಮ್ಮಲ್ಲಿ ಬಹಳಷ್ಟು ಜನರಿಗೆ ಗೊತ್ತು, ಎಕ್ಸ್‌ರೇ ಕೂಡ ನೋಡಿದ್ದೀರಿ. ಅದನ್ನು ಮತ್ತೆ ಬರೆಯುವುದಿಲ್ಲ. ವರ್ಷದಿಂದ ಬಾಕಿ ಉಳಿದಿರುವ ಕೃತಜ್ಞತೆಯನ್ನು ಬರೆಯುತ್ತೇನೆ.

ಆಪರೇಷನ್ ಮಾಡಿದ ಡಾಕ್ಟರಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ನೋವಾದರೂ ಬಿಡದೆ ಮೊಣಕಾಲು ಮಡಿಸಿದ ಫಿಸಿಯೋಥೆರಪಿ ಮೇಡಂಗೆ, ನನ್ನ ಪಾಳಿಯನ್ನು ಹಂಚಿಕೊಂಡು ಮಾಡಿದ ಕ್ವಾಲಿಟಿ ಸೆಕ್ಷನ್ನಿನ ಗೆಳೆಯರಿಗೆ, ಕೇಳದೆಯೇ ದಿನಾ ಮೆಟ್ಟಿಲು ಹತ್ತಿ ಅನ್ನ ಸಾರು ತಂದಿಟ್ಟ ಓನರ್ ಆಂಟಿಗೆ, ಸೊಟ್ಟಗಾಗಿದ್ದ ಸೈಕಲ್ಲನ್ನು ಗುಜರಿಗೆ ಹಾಕಲು ಬಿಡದೆ ನೆಟ್ಟಗೆ ಮಾಡಿಕೊಟ್ಟ ಅಂಗಡಿಯವರಿಗೆ, ತಿಪಟೂರಿನಿಂದ ಓಡಿಬಂದ ಮಾವನವರಿಗೆ ನನ್ನ ನಮಸ್ಕಾರ. ನಿಮ್ಮೆಲ್ಲರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ್ದಕ್ಕೆ ಬೇಸರಪಡಬೇಡಿ. ಇಲ್ಲಿ ಹೆಚ್ಚಿನ ಜಾಗ ಒಬ್ಬರಿಗೆ ಹೋಗಬೇಕು. ಯಾಕೆ ಅನ್ನುವುದು ಓದಿದರೆ ನಿಮಗೇ ತಿಳಿಯುತ್ತದೆ.

ಅವರ ಹೆಸರು ಬರೆಯುತ್ತಿಲ್ಲ. “ಹೆಸರು ಹಾಕಬ್ಯಾಡ್ರಿ ಸರ, ಊರಾಗ ಯಾರರೆ ಓದಿ ಪೊಲೀಸ್ ಕೇಸ್ ಅಂತ ತಿಳ್ಕೋತಾರ” ಅಂದಿದ್ದಾರೆ. ಬಾಗಲಕೋಟೆ ಕಡೆಯವರು. ಪೀಣ್ಯದ ಒಂದು ಗೋದಾಮಿನಲ್ಲಿ ನೈಟ್ ಸೆಕ್ಯುರಿಟಿ. ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ ಅವರ ಮಗನಿಗೂ ಬಂದಿತ್ತು. ಮಗ ಕಾಲೇಜು ಸೇರಿ ಬಸ್ಸಿಗೆ ಹೋಗಲು ಶುರು ಮಾಡಿದ ಮೇಲೆ ಅಪ್ಪ ಅದನ್ನು ಬೆಂಗಳೂರಿಗೆ ತಂದುಕೊಂಡರು. ಆ ದಿನ ಬೆಳಗಿನ ಜಾವ, ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ, ಆ ಸೈಕಲ್ ತುಳಿದುಕೊಂಡು ರೂಮಿಗೆ ಹೊರಟಿದ್ದರು. ನಮ್ಮಿಬ್ಬರಿಗೆ ಮುಖಪರಿಚಯವೂ ಇರಲಿಲ್ಲ.

ನನಗೆ ಗುದ್ದಿದ ಗಾಡಿ ನಿಲ್ಲಲಿಲ್ಲ. ಅದರ ಹಿಂದೆ ಬಂದವು ನನ್ನನ್ನು ಬಳಸಿಕೊಂಡು ಹೋದವು. ಮಂಜು ದಟ್ಟವಾಗಿತ್ತು, ಕಂಬದ ದೀಪಗಳು ಉರಿಯುತ್ತಿರಲಿಲ್ಲ, ನಾನು ರಸ್ತೆಯ ಮೇಲೆಯೇ ಬಿದ್ದಿದ್ದೆ. ಪ್ರತಿ ಟಯರಿನ ಸದ್ದು ಹತ್ತಿರ ಬರುವಾಗಲೂ ಇದೇ ಕೊನೆ ಅನ್ನಿಸುತ್ತಿತ್ತು. ಅವರು ಮಾಡಿದ ಮೊದಲ ಕೆಲಸವನ್ನು ಯಾವ ತರಬೇತಿಯಲ್ಲಿ ಕಲಿತರೋ ಗೊತ್ತಿಲ್ಲ. ತಮ್ಮ ಸೈಕಲ್ಲನ್ನು ನನ್ನ ಹಿಂದೆ ರಸ್ತೆಗೆ ಅಡ್ಡ ನಿಲ್ಲಿಸಿದರು. ಡ್ಯೂಟಿಯ ಟಾರ್ಚನ್ನು ಬರುವ ಗಾಡಿಗಳ ಕಡೆ ಬೀಸುತ್ತಾ ಇನ್ನೊಂದು ಕೈಯಲ್ಲಿ ವಿಷಲ್ ಹಿಡಿದು ಊದಿದರು, ಒಂದೇ ಸಮನೆ ಊದಿದರು. ಆಮೇಲೆ 108ಕ್ಕೆ ಫೋನ್. ಆಂಬುಲೆನ್ಸ್ ಬರುವ ತನಕ ಆ ವಿಷಲ್ ನಿಲ್ಲಲಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ “ಪೇಷಂಟಿಗೆ ನೀವೇನಾಗಬೇಕು?” ಅಂತ ಕೇಳಿದರು. “ಅಣ್ಣ ಅಂತ ಬರ್ಕೋರಿ” ಅಂದರು. ಸ್ಟ್ರೆಚರಿನ ಮೇಲಿದ್ದ ನನಗೆ ಅದು ಕೇಳಿಸಿತು. ನನಗೆ ಒಡಹುಟ್ಟಿದ ಅಣ್ಣ ಇಲ್ಲ.

ಪೊಲೀಸರು ಬರುವವರೆಗೆ ಎಲ್ಲಿಗೂ ಹೋಗಬಾರದು, ಆಧಾರ್ ಕಾರ್ಡಿನ ಜೆರಾಕ್ಸ್ ಕೊಡಿ ಅಂತ ಅಲ್ಲಿ ಯಾರೋ ಅವರನ್ನು ಹೆದರಿಸಿದ್ದರಂತೆ. ಇದು ನನಗೆ ಗೊತ್ತಾಗಿದ್ದು ತಿಂಗಳುಗಳ ನಂತರ. ಆದ್ದರಿಂದ ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಬರೆಯುತ್ತೇನೆ, ದಯವಿಟ್ಟು ನಿಮ್ಮ ಮನೆಯ ಡ್ರೈವರಿಗೆ, ವಾಚ್‌ಮನ್ನಿಗೆ, ಹಾಲು ಹಾಕುವ ಹುಡುಗನಿಗೆ ಹೇಳಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಎಂಬ ಕಲಂ ಸೇರಿದೆ. ಅಪಘಾತದಲ್ಲಿ ಬಿದ್ದವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಆಸ್ಪತ್ರೆಯಲ್ಲಿ ತಡೆದು ಕೂರಿಸುವಂತಿಲ್ಲ. ಇದಾವುದೂ ಅಣ್ಣನಿಗೆ ಗೊತ್ತಿರಲಿಲ್ಲ. ಹೆದರಿಕೊಂಡೇ ಅವರು ಉಳಿದರು, ನನಗೆ ಅದು ಇನ್ನೂ ದೊಡ್ಡದು.

ಆಪರೇಷನ್ ಆದ ದಿನದ ರಾತ್ರಿಯ ಬಗ್ಗೆ ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ನನ್ನ ಹೆಂಡತಿ ಆಗ ತುಂಬು ಗರ್ಭಿಣಿ, ತಿಪಟೂರಿನ ತವರಿನಲ್ಲಿದ್ದಳು. ಅಣ್ಣ ನನ್ನ ಫೋನಿನಿಂದ ಅವಳಿಗೆ ಮಾಡದೆ ಮಾವನವರಿಗೆ ಮಾಡಿ, “ಸಣ್ಣ ಪೆಟ್ಟು ಆಗೇದ, ಗಾಬರಿ ಆಗಬ್ಯಾಡ್ರಿ, ನಾ ಬಾಜೂಕನ ಅದೀನಿ” ಅಂದಿದ್ದರು. ಮಾವ ಬಂದು ಸೇರುವ ಹೊತ್ತಿಗೆ ಮರುದಿನ ಬೆಳಗಾಯಿತು. ನಡುವೆ ಆ ರಾತ್ರಿ. ಮದ್ದಿನ ಮಂಪರು ಇಳಿದಾಗ ನೋವಿಗಿಂತ ಮೊದಲು ಬಂದದ್ದು ಭಯ. ಮಗುವಿನ ಮುಖ ನೋಡುತ್ತೇನೋ ಇಲ್ಲವೋ. ನಾನು ಬಿಕ್ಕಿ ಬಿಕ್ಕಿ ಅತ್ತೆ. ನಿಲ್ಲದೆ ಹೋದ ಆ ಗಾಡಿಯವನನ್ನು ಬೈದೆ, ಬಳಸಿಕೊಂಡು ಹೋದವರನ್ನು ಬೈದೆ, ಈ ಊರನ್ನೇ ಬೈದೆ. ಅಣ್ಣ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು. ಹಿಂದಿನ ರಾತ್ರಿಯೂ ನಿದ್ದೆಯಿಲ್ಲದ ಮನುಷ್ಯ. ನಾನು ಸುಮ್ಮನಾದ ಮೇಲೆ ಹಣೆಯ ಮೇಲೆ ಕೈಯಿಟ್ಟು, “ಮಲ್ಕೋರಿ ಸರ. ನಾ ಎಚ್ಚರ ಇರ್ತೀನಿ. ಎಚ್ಚರ ಇರೂದ ನನ್ನ ಕೆಲ್ಸ” ಅಂದರು. ಆಮೇಲೆ ಘಟಪ್ರಭೆ ಬದಿಯ ತಮ್ಮ ಒಂದೂವರೆ ಎಕರೆ ಹೊಲದ ಕಥೆ ಹೇಳಿದರು, ಕಬ್ಬಿಗೆ ನೀರು ಬಿಡುವ ರಾತ್ರಿಗಳ ಕಥೆ. ಕಥೆಯ ನಡುವೆ ಯಾವಾಗಲೋ ನಿದ್ದೆ ಹತ್ತಿತು. ಆ ಎರಡು ದಿನದ ಸಂಬಳ ಅವರಿಗೆ ಕಟ್ ಆಯಿತು. ಅದನ್ನು ಅವರು ಹೇಳಲಿಲ್ಲ, ಅವರ ಜತೆಗಾರ ಹೇಳಿದ.

ಮಗಳು ಹುಟ್ಟಿದ ಮೇಲೆ ನಾಮಕರಣಕ್ಕೆ ಬಂದು ಅವಳ ಕೈಗೆ ಹತ್ತು ರೂಪಾಯಿಯ ಹೊಸ ನೋಟು ಇಟ್ಟು ಹೋದರು. ಅದು ದೇವರ ಮನೆಯಲ್ಲಿದೆ.

ಚೇತರಿಸಿಕೊಂಡ ಮೇಲೆ ಹಲವರು ಪ್ರೀತಿಯಿಂದಲೇ ಬುದ್ಧಿ ಹೇಳಿದಿರಿ. ಈ ಚಳಿಯಲ್ಲಿ ಸೈಕಲ್ ಯಾಕೆ, ಬೈಕ್ ತಗೋ ಅಂದಿರಿ. ನಿಮ್ಮ ಕಾಳಜಿಗೆ ಶರಣು. ಆದರೆ ನನ್ನನ್ನು ಬೀಳಿಸಿದ್ದು ಚಳಿಯಲ್ಲ. ಈ ಊರಿನ ದಾಖಲೆಯ ಚಳಿ 1884ರ ಜನವರಿಯ 7.8 ಡಿಗ್ರಿ, ಈಗ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಫಿನ್‌ಲ್ಯಾಂಡಿನ ಔಲು ಎಂಬ ಊರಿನಲ್ಲಿ ಹಿಮದ ಮೇಲೆ ಜನ ಸೈಕಲ್ ತುಳಿದು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮಾವೇಶ 2013ರಲ್ಲಿ ಶುರುವಾದದ್ದೂ ಅಲ್ಲೇ. ಅಲ್ಲಿ ಸೈಕಲ್ ದಾರಿಯ ಹಿಮವನ್ನು ಬೆಳಿಗ್ಗೆ ಜನ ಹೊರಡುವ ಮೊದಲೇ ಬಳಿದು ತೆಗೆಯುತ್ತಾರೆ. ನಮಗೆ ಸ್ವೆಟರು, ಮಂಕಿ ಕ್ಯಾಪು ಸಾಕು, ಬೇಕಿರುವುದು ಬೆಳಕು.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.40ರ ಮೇಲೆ, ಫಸ್ಟ್ ಶಿಫ್ಟ್ ಶುರುವಾಗುವುದು ಆರಕ್ಕೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ಅಂಟಿದ ಗಾಳಿಯ ತೇವ ಮಂಜಾಗಿ ಕೆರೆ, ಬಯಲು, ಮರಗಳಿರುವ ಕಡೆ ಕೂರುತ್ತದೆ. ಹೈಬೀಮ್ ಹಾಕಿದರೆ ಆ ಬೆಳಕು ಮಂಜಿಗೆ ಬಡಿದು ಡ್ರೈವರಿನ ಕಣ್ಣಿಗೇ ವಾಪಸ್ ಬರುತ್ತದೆ. ಆಗ ಅವನಿಗೆ ಬಿಳಿ ಗೋಡೆಯೊಂದೇ ಕಾಣುವುದು. ಲೋಬೀಮ್ ಹಾಕಿ, ನಿಧಾನ ಮಾಡಿ ಅನ್ನುವುದು ಅದಕ್ಕೇ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಹತ್ತಿರ ಹತ್ತಿರ 17 ಮೀಟರ್ ಓಡುತ್ತದೆ. ಲೈಟಿಲ್ಲದ ಸೈಕಲ್ಲಿನವನು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ದೂರ ಮುಗಿದಿರುತ್ತದೆ. ನಮ್ಮ ಕಡೆಯೂ ಹಾಗೆಯೇ. ಇಬ್ಬನಿಗೆ ರಿಮ್ ಒದ್ದೆಯಾಗಿ ಬ್ರೇಕ್ ತಡವಾಗಿ ಹಿಡಿಯುತ್ತದೆ, ರಸ್ತೆಯ ಬಿಳಿ ಪಟ್ಟಿಗಳು ಜಾರುತ್ತವೆ. ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಹೊರಡಿಸಿದ 2020ರ ಸ್ಟಾಕ್‌ಹೋಮ್ ಘೋಷಣೆ, ನಡೆಯುವವರೂ ಸೈಕಲ್ಲಿನವರೂ ಗಾಡಿಗಳ ಜತೆ ಬೆರೆಯುವ ಕಡೆ ವೇಗ 30 ಕಿಲೋಮೀಟರ್ ಮೀರಬಾರದು ಅಂದಿದ್ದು ಸುಮ್ಮನೆ ಅಲ್ಲ.

ಹಾಸಿಗೆಯಲ್ಲಿ ಮಲಗಿದ್ದಾಗ ನನ್ನನ್ನು ಬಿಡದೆ ಕಾಡಿದ್ದು ಬೇರೆಯೇ. ನನ್ನ ಬಳಿ ಹೆಲ್ಮೆಟ್ ಇತ್ತು, ಹಿಂದೆ ಮಿನುಗುವ ಕೆಂಪು ಲೈಟಿತ್ತು, ಮಿಂಚುವ ಜಾಕೆಟ್ ಇತ್ತು. ಅಣ್ಣನ ಸೈಕಲ್ಲಿನಲ್ಲಿ ಏನೂ ಇರಲಿಲ್ಲ. ಬೆಂಗಳೂರಿನಲ್ಲಿ ಸೈಕಲ್ ಅಂದಾಗ ನಂದಿ ಬೆಟ್ಟಕ್ಕೆ ಭಾನುವಾರ ಹೋಗುವವರ ಫೋಟೊ ಕಣ್ಣ ಮುಂದೆ ಬರುತ್ತದೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದರು, ಅದು ಐಟಿ ಕಂಪನಿಗಳ ದಾರಿ. ಒಳ್ಳೆಯ ಕೆಲಸವೇ, ಉಳಿಯಬೇಕಿತ್ತು. ಆದರೆ ದಿನಾ ಕತ್ತಲಲ್ಲಿ ಸೈಕಲ್ ತುಳಿಯುವವರು ಪೀಣ್ಯದ ಹೆಲ್ಪರ್‌ಗಳು, ಸೆಕ್ಯುರಿಟಿಯವರು, ಪೇಪರ್ ಹುಡುಗರು, ಕ್ಯಾರಿಯರಿಗೆ ಹೂವಿನ ಬುಟ್ಟಿ ಕಟ್ಟಿಕೊಂಡು ಹೋಗುವವರು. ಹೊಸ ಸೈಕಲ್ಲುಗಳಿಗೆ 2023ರಿಂದ ರಿಫ್ಲೆಕ್ಟರ್ ಕಡ್ಡಾಯವಾಗಿದೆ. ಇವರದೆಲ್ಲ ಹಳೆಯವು.

ಹೀಗೆ ನಮ್ಮ ಚಿಕ್ಕ ಕೆಲಸ ಶುರುವಾಯಿತು. ಫ್ಯಾಕ್ಟರಿ ಗೇಟುಗಳ ಎದುರು ನಿಂತು ಹಳೆ ಸೈಕಲ್ಲುಗಳಿಗೆ ಕೆಂಪು ಲೈಟು, ಮಡ್‌ಗಾರ್ಡಿಗೆ ರಿಫ್ಲೆಕ್ಟರ್ ಟೇಪು ಹಾಕಿಕೊಟ್ಟೆವು. ಸೆಲ್ಲು, ಟೇಪು, ಸ್ಕ್ರೂಡ್ರೈವರು ತಂದ, ನಿದ್ದೆಗೆಟ್ಟು ಬಂದ ಎಲ್ಲ ಗೆಳೆಯರಿಗೂ ವಂದನೆ. ದಾರಿಯ ಉರಿಯದ ಕಂಬಗಳ ನಂಬರುಗಳನ್ನು ಬರೆದು ಕೊಟ್ಟವರಿಗೆ, ಆ ಪಟ್ಟಿ ಹಿಡಿದು ನಮ್ಮ ಜತೆ ಕಚೇರಿಗೆ ಅಲೆದ ಇಬ್ಬರು ನಿವೃತ್ತ ಮೇಷ್ಟರುಗಳಿಗೆ, ಬೆಳಗಿನ ಐದೂವರೆಗೆ ತಾವೇ ಬಂದು ನಾನು ಬಿದ್ದ ತಿರುವಿನಲ್ಲಿ ನಿಂತು ನೋಡಿದ ಟ್ರಾಫಿಕ್ ಸಬ್ ಇನ್ಸ್‌ಪೆಕ್ಟರಿಗೆ ವಿಶೇಷ ಧನ್ಯವಾದ. ನಾನು ಬಿದ್ದ ಜಾಗದಲ್ಲಿ ಈಗ ದೀಪ ಉರಿಯುತ್ತದೆ. ಮುಂದಿನ ತಿರುವಿನಲ್ಲಿ ಇನ್ನೂ ಇಲ್ಲ.

ತುಮಕೂರು ರಸ್ತೆ ನಮ್ಮ ದಾರಿಗೆ ತಾಗಿಕೊಂಡೇ ಇದೆ. ಅದೇ ರಸ್ತೆಯಲ್ಲಿ ನೆಲಮಂಗಲದ ಹತ್ತಿರ 2016ರ ಫೆಬ್ರುವರಿಯಲ್ಲಿ ಹರೀಶ್ ನಂಜಪ್ಪ ಎಂಬ ಯುವಕ ಪ್ರಾಣ ಹೋಗುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಅಂದಿದ್ದ. ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಸರ್ಕಾರವೇ ಭರಿಸುವ ಯೋಜನೆ ಅವನ ಹೆಸರಿನಲ್ಲೇ ಶುರುವಾಯಿತು. ನಾನು ಬದುಕಿ ಉಳಿದವನು. ಪ್ರತಿ ಸಲ ಆ ರಸ್ತೆ ದಾಟುವಾಗ ಅವನನ್ನು ನೆನೆಯುತ್ತೇನೆ.

ಮತ್ತೆ ಸೈಕಲ್ ಹತ್ತುತ್ತೇನೆ ಅಂದಾಗ ಬೇಡ ಅನ್ನಲು ಎಲ್ಲ ಹಕ್ಕೂ ಇದ್ದ ಹೆಂಡತಿ, ಮೊದಲ ದಿನ ಗೇಟಿನವರೆಗೆ ಬಂದು ಹಿಂದಿನ ಲೈಟನ್ನು ತಾನೇ ಒತ್ತಿ ಆನ್ ಮಾಡಿದಳು. ಅವಳಿಗೆ ಏನು ಬರೆದರೂ ಕಡಿಮೆ, ಮನೆಯಲ್ಲೇ ಹೇಳುತ್ತೇನೆ.

ಬರುವ ಭಾನುವಾರ ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ಮತ್ತೆ ಲೈಟು ಹಾಕುತ್ತಿದ್ದೇವೆ. ಮನೆಯಲ್ಲಿ ಬಳಸದೆ ಬಿದ್ದಿರುವ ಸೈಕಲ್ ಲೈಟಿದ್ದರೆ ತನ್ನಿ, ಉರಿಯದಿದ್ದರೂ ಪರವಾಗಿಲ್ಲ, ರಿಪೇರಿ ಮಾಡುವವರಿದ್ದಾರೆ. ನಿಮ್ಮ ರಸ್ತೆಯ ದೀಪ ಕೆಟ್ಟಿದ್ದರೆ ಕಂಬದ ನಂಬರ್ ಬರೆದುಕೊಂಡು ಬನ್ನಿ, ದೂರು ಕೊಡುವುದು ಹೇಗೆಂದು ಮೇಷ್ಟ್ರು ಅಲ್ಲೇ ಕೂತು ಹೇಳಿಕೊಡುತ್ತಾರೆ. ಅಣ್ಣನೂ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬರುತ್ತಾರೆ.